ರಿವಾಲ್ವರಿನ ಒರೆ: ಬೆಂಗಳೂರಿನ ಚರ್ಮಕುಶಲಿಗಳ ಇತಿಹಾಸಕ್ಕೆ ಒಂದು ಆಕರ

ಬೆಂಗಳೂರು ನಗರದ ಕಸುಬುಗಳನ್ನು ಕುರಿತು ಬರೆದವರು ನೆಯ್ಗೆ, ಎಣ್ಣೆಗಾಣ, ಕುಂಬಾರಿಕೆ, ಲೋಹದ ಕೆಲಸ ಮೊದಲಾದವುಗಳಿಗೆ ಕೊಟ್ಟಷ್ಟು ಸ್ಥಳವನ್ನು ಚರ್ಮದ ಕೆಲಸಕ್ಕೆ ಕೊಟ್ಟಿಲ್ಲ. ಇದಕ್ಕೆ ಅವರನ್ನೇ ದೂರುವಂತಿಲ್ಲ. ೧೫೩೭ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯ ಬೀದಿಗಳ ಹೆಸರುಗಳನ್ನೇ ನೋಡಬಹುದು: ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ. ಒಂದೊಂದು ಕಸುಬೂ ಒಂದೊಂದು ಬೀದಿಯ ಮೇಲೆ ತನ್ನ ಹೆಸರನ್ನು ಬಿಟ್ಟು ಹೋಗಿದೆ. ಈ ಪರಿಚಿತ ಸಾಲಿನಲ್ಲಿ ಚರ್ಮದ ಕೆಲಸದವನ ಹೆಸರಿಲ್ಲ. ಅವನು ಮಾಡಿದ ಮೆಟ್ಟು, ಮಿಣಿ, ಕಪಿಲೆಯ ಬಾನಿಗಳು ಇಲ್ಲದೆ ಈ ಪೇಟೆಯ ಒಂದು ದಿನವೂ ಸಾಗುತ್ತಿರಲಿಲ್ಲವೆಂಬುದು ನಿರ್ವಿವಾದ. ಆದರೂ ಅವನು ಊರ ಅಂಚಿನಲ್ಲಿದ್ದುಕೊಂಡೇ ಊರಿಗೆ ದುಡಿದನು. ದಾಖಲೆಗಳಲ್ಲಿಯೂ ಅಂಚಿನಲ್ಲಿಯೇ ಉಳಿದನು.

ಪ್ರಸ್ತುತ ಲೇಖನದಲ್ಲಿ ಈ ಕಸುಬಿನ ಸಮಗ್ರ ಇತಿಹಾಸವನ್ನು ಬರೆಯುವ ಸಾಹಸಕ್ಕೆ ನಾವು ಕೈಹಾಕಿಲ್ಲ. ಅದರ ಒಂದು ಸಣ್ಣ ಶಾಖೆಯನ್ನು, ಎಂದರೆ ರಿವಾಲ್ವರುಗಳಿಗೆ ಕೈಯಿಂದ ಹೊಲಿದ ಚರ್ಮದ ಒರೆಗಳನ್ನು ಮಾತ್ರ ತೆಗೆದುಕೊಂಡಿದ್ದೇವೆ. ವಿಷಯವು ಅಲ್ಪವೆಂದು ಕೆಲವರಿಗೆ ತೋರಬಹುದು. ಮೊದಲಿಗೆ ನಮಗೂ ಹಾಗೆಯೇ ತೋರಿತ್ತು.

ಕೆಲವು ಕಾಲದ ಹಿಂದೆ ಸ್ಥಳೀಯ ಇತಿಹಾಸದ ಕ್ಷೇತ್ರಕಾರ್ಯಕ್ಕಾಗಿ ವಿದ್ಯಾರ್ಥಿಗಳೊಡನೆ ಚಾಮರಾಜಪೇಟೆಯ ಹಳೆಯ ಮನೆಗಳನ್ನು ನೋಡುತ್ತಿದ್ದಾಗ, ಒಂದು ಮನೆಯ ಮರದ ಪೆಟ್ಟಿಗೆಯಲ್ಲಿ ಇಂಥ ಒಂದು ಒರೆಯು ನಮ್ಮ ಕಣ್ಣಿಗೆ ಬಿದ್ದಿತು. ಆ ಮನೆಯ ಹಿರಿಯರೊಬ್ಬರು ಹಿಂದಿನ ಮೈಸೂರು ಸಂಸ್ಥಾನದ ಪೊಲೀಸು ಇಲಾಖೆಯಲ್ಲಿದ್ದರು. ಆಯುಧವು ಅವರ ನಿವೃತ್ತಿಯೊಡನೆಯೇ ಸರ್ಕಾರಕ್ಕೆ ಹಿಂದಿರುಗಿತ್ತು; ಒರೆ ಮಾತ್ರ ಮನೆಯಲ್ಲಿಯೇ ಉಳಿದಿತ್ತು. ಒಳಮೈಯಲ್ಲಿ ಸರ್ಕಾರಿ ಸರಕಿಗೆ ಒತ್ತುತ್ತಿದ್ದ ಬಾಣದ ಗುರುತೂ ಸವೆದ ಕೆಲವು ಅಂಕಿಗಳೂ ಇದ್ದುವು. ಇದನ್ನು ಕಂಡ ಕೂಡಲೆ ನಾವು ವಿದ್ಯಾರ್ಥಿಗಳಿಗೆ, ಇದು ಕಾನ್ಪುರದ ಸರ್ಕಾರಿ ಕಾರ್ಖಾನೆಯದೆಂದು ಧೈರ್ಯವಾಗಿ ಹೇಳಿಬಿಟ್ಟೆವು. ೧೮೬೦ರ ದಶಕದಿಂದಲೂ ಕಾನ್ಪುರದಲ್ಲಿ ಸೈನ್ಯಕ್ಕೆ ಬೇಕಾದ ಜೀನು, ಸರಂಜಾಮುಗಳನ್ನು ಮಾಡುವ ಸರ್ಕಾರಿ ಕಾರ್ಖಾನೆಯಿದ್ದುದೂ, ೧೮೮೦ರ ದಶಕದಿಂದ ಅಲ್ಲಿ ಕೂಪರ್ ಅಲೆನ್ ಕಂಪೆನಿಯು ಸೈನ್ಯಕ್ಕೆ ಬೂಟುಗಳನ್ನು ಒದಗಿಸುತ್ತಿದ್ದುದೂ ಪಠ್ಯಪುಸ್ತಕಗಳಲ್ಲಿರುವ ಸಂಗತಿ. ಮುದ್ರೆಯಿದ್ದ ಮೇಲೆ ವಿಚಾರವೇನು ಎಂಬುದು ನಮ್ಮ ತರ್ಕ.

ನಮ್ಮ ಈ ನಿರ್ಣಯವನ್ನು ತಿದ್ದಿದವರು ಇತಿಹಾಸಜ್ಞರಲ್ಲ. ಮನೆಯವರ ಅನುಮತಿ ಪಡೆದು ಒರೆಯನ್ನು ಕೃಷ್ಣರಾಜೇಂದ್ರ ಮಾರುಕಟ್ಟೆಯ ಸಮೀಪದಲ್ಲಿ ಕುಳಿತು ಚೀಲ, ಪಟ್ಟಿಗಳನ್ನು ಹೊಲಿಯುವ ವೃದ್ಧ ಕುಶಲಿಯೊಬ್ಬರಿಗೆ ತೋರಿಸಿದೆವು. ಅವರು ಅದನ್ನು ಎರಡು ಬಾರಿ ತಿರುಗಿಸಿ ನೋಡಿ, “ಸ್ವಾಮಿ, ಇದರಲ್ಲಿ ಇಬ್ಬರ ಕೈ ಇದೆ. ಮೇಲಿನದು ಮಿಷಿನ್ನಿನದು, ಕೆಳಗಿನದು ನಮ್ಮವರದು” ಎಂದರು. ಹೇಗೆ ತಿಳಿಯಿತು ಯಜಮಾನರೇ ಎಂದು ಕೇಳಿದಾಗ, ಉತ್ತರ ಹೇಳದೆ ಆರೆಯ ಮೊನೆಯಿಂದ ಒಂದೊಂದೇ ಹೊಲಿಗೆಯನ್ನು ಮುಟ್ಟಿ ತೋರಿಸತೊಡಗಿದರು.

ಅವರು ತೋರಿಸಿದುದನ್ನು ಇಲ್ಲಿ ತಕ್ಕಮಟ್ಟಿಗೆ ವಿಸ್ತಾರವಾಗಿಯೇ ಬರೆಯಬೇಕು. ಏಕೆಂದರೆ ನಮ್ಮ ವಾದವೆಲ್ಲವೂ ಇದನ್ನೇ ಅವಲಂಬಿಸಿದೆ. ಯಂತ್ರದ ಹೊಲಿಗೆಯಲ್ಲಿ ಎರಡು ದಾರಗಳಿರುತ್ತವೆ. ಮೇಲಿನ ದಾರವು ಮೇಲೆಯೇ, ಕೆಳಗಿನ ದಾರವು ಕೆಳಗೆಯೇ ಓಡಿ, ಚರ್ಮದ ನಡುವೆ ಒಂದನ್ನೊಂದು ಕೊಂಡಿಯಂತೆ ಹಿಡಿದುಕೊಳ್ಳುತ್ತವೆ. ಒಂದು ಕಡೆ ಸವೆದು ಹರಿದರೆ ಮುಂದಿನ ಹೊಲಿಗೆಗಳೂ ಸಡಿಲಗೊಳ್ಳುತ್ತವೆ. ಜೀನುಗಾರರ ಕೈಹೊಲಿಗೆಯ ಕ್ರಮವೇ ಬೇರೆ. ಮೇಣ ಹಚ್ಚಿದ ಒಂದೇ ನೂಲಿನ ಎರಡು ತುದಿಗಳಿಗೆ ಎರಡು ಸೂಜಿಗಳು. ಆರೆಯಿಂದ ಚುಚ್ಚಿದ ಪ್ರತಿ ರಂಧ್ರದಲ್ಲಿಯೂ ಎರಡು ಸೂಜಿಗಳೂ ಎದುರುಬದುರಾಗಿ ಹಾಯುತ್ತವೆ. ಒಂದು ಹೊಲಿಗೆ ಕಡಿದರೂ ಉಳಿದುವು ಕದಲವು. ಆರೆಯ ಮೊನೆಯು ಚಪ್ಪಟೆಯಾಗಿರುವುದರಿಂದ ರಂಧ್ರಗಳು ದುಂಡಗಿರದೆ ಓರೆಯಾದ ಸೀಳುಗಳಂತಿರುತ್ತವೆ, ಹೊಲಿಗೆಯ ಸಾಲೂ ಸ್ವಲ್ಪ ಓರೆಯಾಗಿ ಕಾಣುತ್ತದೆ. ನಮ್ಮ ಒರೆಯ ಮುಚ್ಚಳ ಮತ್ತು ಮೇಲ್ಭಾಗದಲ್ಲಿ ಮೊದಲನೆಯ ಬಗೆಯ ಹೊಲಿಗೆ, ತುದಿಯಿಂದ ನಡುಭಾಗದವರೆಗೆ ಎರಡನೆಯ ಬಗೆಯದು ಸ್ಪಷ್ಟವಾಗಿದ್ದಿತು.

ಏಕೆ ಹೀಗೆ? ಇದಕ್ಕೆ ಉತ್ತರವು ಆಯುಧದ ಇತಿಹಾಸದಲ್ಲಿದೆ. ಬ್ರಿಟಿಷ್ ಸೈನ್ಯವು ೧೮೮೭ರಲ್ಲಿ ವೆಬ್ಲಿ ರಿವಾಲ್ವರನ್ನು ಸ್ವೀಕರಿಸಿತು. ಅದರ ಆರನೆಯ ಮಾದರಿಯು ೧೯೧೫ರಲ್ಲಿ ಬಂದಿತು. ಅದರ ನಳಿಗೆಯ ಉದ್ದ ೬ ಅಂಗುಲ. ಮುಂದೆ ೧೯೩೨ರಲ್ಲಿ ಸೈನ್ಯಕ್ಕೆ ಸೇರಿದ ಎನ್‌ಫೀಲ್ಡ್ ರಿವಾಲ್ವರಿನ ನಳಿಗೆಯು ೫ ಅಂಗುಲದ್ದು, ಗುಂಡೂ ಸಣ್ಣದು. ನಮ್ಮ ಒರೆಯ ಬೆನ್ನಿನಲ್ಲಿ ಹಳೆಯ ಯಂತ್ರದ ಹೊಲಿಗೆಯನ್ನು ಬಿಚ್ಚಿದ ರಂಧ್ರಗಳು ಈಗಿನ ಅಂಚಿನ ಒಳಗೆ ಉಳಿದಿವೆ. ಎಂದರೆ ದೊಡ್ಡ ಆಯುಧಕ್ಕೆ ಮಾಡಿದ್ದನ್ನು ಕತ್ತರಿಸಿ, ತುದಿಗೆ ಹೊಸ ಚರ್ಮ ಕೂಡಿಸಿ, ಸಣ್ಣ ಆಯುಧಕ್ಕೆ ಹೊಂದಿಸಲಾಗಿದೆ. ಯುದ್ಧಾನಂತರ ಸೈನ್ಯದ ಹಳೆಯ ಸಾಮಾನುಗಳು ಹರಾಜಿನಲ್ಲಿ ಮಾರಾಟವಾಗುತ್ತಿದ್ದುದರಿಂದ ಮೂಲ ವಸ್ತು ಬೆಂಗಳೂರಿಗೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಹೀಗಾಗಿ ಒಂದೇ ವಸ್ತುವಿನಲ್ಲಿ ಇಬ್ಬರು ಕರ್ತೃಗಳಿದ್ದಾರೆ. ಒಬ್ಬನಿಗೆ ಮುದ್ರೆಯುಂಟು, ಮತ್ತೊಬ್ಬನಿಗೆ ಅದಿಲ್ಲ. ನಾವು ಮುದ್ರೆಯನ್ನು ಮಾತ್ರ ಓದಿದ್ದೆವು.

ಹೊಸದಾಗಿ ಕೂಡಿಸಿದ ಚರ್ಮವೂ ಮಾತನಾಡುತ್ತದೆ. ಹೊರಗೆ ಬೆಳಕು ತಗುಲುವ ಕಡೆ ಅದು ಕೆಂಪಾಗಿದೆ. ಮೇಲಿನ ತುಂಡಿನ ಮಡಿಕೆಯ ಅಡಿಯಲ್ಲಿ ಮರೆಯಾಗಿರುವ ಕಡೆ ಇನ್ನೂ ತಿಳಿಹಳದಿಯಾಗಿದೆ. ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯಿಂದ ಹದಮಾಡಿದ ಚರ್ಮದ ಸ್ವಭಾವವೇ ಇದು. ಅಳಲೆಕಾಯಿಯ ನೀರಿನಲ್ಲಿ ಅದ್ದಿ ಮುಗಿಸಿದ್ದರೆ ಬಣ್ಣವು ಹೀಗೆ ತಿರುಗುವುದಿಲ್ಲ. ಆದರೆ ದಕ್ಷಿಣ ಆಫ್ರಿಕದಿಂದ ಬರುತ್ತಿದ್ದ ವ್ಯಾಟಲ್ ತೊಗಟೆಯ ಚರ್ಮವೂ ಬೆಳಕಿಗೆ ಕೆಂಪಾಗುವುದರಿಂದ, ಬಣ್ಣವೊಂದನ್ನೇ ಹಿಡಿದು ಚರ್ಮವು ಈ ನಾಡಿನಲ್ಲಿಯೇ ಹದಗೊಂಡಿತೆಂದು ಸಾಧಿಸುವುದು ಯುಕ್ತವಲ್ಲ. ತೊಗಟೆಯ ಹದವೆಂಬುದಷ್ಟೇ ಖಚಿತ.

ತಂಗಡಿಯ ಹದವು ನಮ್ಮಲ್ಲಿ ಪ್ರಾಚೀನವಾದುದು. ಟಿಪ್ಪುವಿನ ಪತನದ ಮರುವರ್ಷ, ೧೮೦೦ರಲ್ಲಿ, ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಬೆಂಗಳೂರಿನ ಕಸುಬುಗಳನ್ನು ವರ್ಣಿಸುವಾಗ ಚರ್ಮವನ್ನು ಹದಗೊಳಿಸುವ ಕ್ರಮವನ್ನೂ ಬರೆದುಕೊಂಡಿದ್ದಾನೆ. ಅವನ ಗ್ರಂಥವು ೧೮೦೭ರಲ್ಲಿ ಅಚ್ಚಾಯಿತು. ಸುಣ್ಣದ ನೀರಿನಲ್ಲಿ ನೆನೆಸುವುದು, ಕೂದಲು ಹೆರೆಯುವುದು, ತೊಗಟೆಯ ರಸದಲ್ಲಿ ದಿನಗಟ್ಟಲೆ ಇರಿಸುವುದು, ಇವೆಲ್ಲ ದುರ್ವಾಸನೆಯ ನಡುವೆ ತಾಳ್ಮೆಯನ್ನು ಬೇಡುವ ಕೆಲಸಗಳು. ಹಳ್ಳಿಗಳಲ್ಲಿ ಮಾದಿಗರು ಸತ್ತ ದನದ ಚರ್ಮವನ್ನು ಪಡೆದು, ಅದಕ್ಕೆ ಪ್ರತಿಯಾಗಿ ರೈತರಿಗೆ ಕಪಿಲೆಯ ಬಾನಿ, ಮಿಣಿ, ಬಾರು, ಮೆಟ್ಟುಗಳನ್ನು ಒದಗಿಸುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಹದಮಾಡುವವರು ಡೋಹರರು, ಹೊಲಿಯುವವರು ಸಮಗಾರರು ಎಂಬ ವಿಭಾಗವುಂಟು. ಜೀನು, ಲಗಾಮುಗಳ ಕೆಲಸವು ಜೀನಗಾರರದು.

ಈ ಜೀನಗಾರ ಎಂಬ ಹೆಸರು ನಮ್ಮ ವಿಷಯಕ್ಕೆ ಮುಖ್ಯವಾದುದು. ಪಿಸ್ತೂಲಿನ ಒರೆಯು ಮೊದಲು ಮನುಷ್ಯನ ಸೊಂಟದಲ್ಲಿರಲಿಲ್ಲ, ಕುದುರೆಯ ಮೇಲಿತ್ತು. ಹದಿನೇಳು, ಹದಿನೆಂಟನೆಯ ಶತಮಾನಗಳ ಸವಾರನು ತನ್ನ ಉದ್ದನೆಯ ಪಿಸ್ತೂಲುಗಳನ್ನು ಜೀನಿನ ಮುಂಭಾಗದಲ್ಲಿ ಜೋಡಿ ಒರೆಗಳಲ್ಲಿ ಇಳಿಬಿಡುತ್ತಿದ್ದನು. ಅದು ಸ್ವಭಾವತಃ ಜೀನು ಮಾಡುವವನ ಕೆಲಸ. ಹೈದರ್ ಮತ್ತು ಟಿಪ್ಪುವಿನ ಸೈನ್ಯದಲ್ಲಿ ಅಶ್ವದಳಕ್ಕಿದ್ದ ಪ್ರಾಧಾನ್ಯವನ್ನೂ, ಟಿಪ್ಪುವಿನ ಶ್ರೀರಂಗಪಟ್ಟಣದ ಕಮ್ಮಟಗಳಲ್ಲಿ ತಯಾರಾದ ಪಿಸ್ತೂಲುಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವುದನ್ನೂ ಸ್ಮರಿಸಿದರೆ, ಈ ಕೈಗಾರಿಕೆಗೆ ನಮ್ಮ ನಾಡಿನಲ್ಲಿ ಆಂಗ್ಲರ ಆಗಮನಕ್ಕೆ ಮೊದಲೇ ನೆಲೆಯಿದ್ದಿತೆಂದು ಊಹಿಸಲು ಅವಕಾಶವಿದೆ. ಕನ್ನಡದಲ್ಲಿ ಪಿಸ್ತೂಲಿನ ಕವಚಕ್ಕೆ ಪ್ರತ್ಯೇಕವಾದ ಹೆಸರು ಹುಟ್ಟಲಿಲ್ಲ. ಕತ್ತಿಗೆ ಇದ್ದ ‘ಒರೆ’ ಎಂಬ ಹಳೆಯ ಮಾತೇ ಸಾಕಾಯಿತು. ಒಂದೇ ಒರೆಯಲ್ಲಿ ಎರಡು ಕತ್ತಿಗಳು ಇರಲಾರವೆಂಬ ಗಾದೆಯನ್ನು ಬಲ್ಲ ಜನಕ್ಕೆ ಇದು ಸಹಜ. ಆದರೆ ಎರಡರ ಧರ್ಮ ಬೇರೆ. ಕತ್ತಿಯ ಒರೆಯು ಆಯುಧದಿಂದ ಮನುಷ್ಯನನ್ನು ಕಾಯುತ್ತದೆ; ಪಿಸ್ತೂಲಿನ ಒರೆಯು ಧೂಳು, ಮಳೆ, ಬೀಳುವಿಕೆಗಳಿಂದ ಆಯುಧವನ್ನೇ ಕಾಯಬೇಕು, ಅದರೊಡನೆ ಕುದುರೆಯ ಮೇಲಿನ ಒಡೆಯನ ಅವಸರದ ಬೆರಳಿನಿಂದ ಕುದುರೆಯನ್ನೂ ಕಾಯಬೇಕು.

ಒರೆಯು ಜೀನಿನಿಂದ ಸೊಂಟಕ್ಕೆ ಬಂದುದು ರಿವಾಲ್ವರಿನ ಕಾಲದಲ್ಲಿ. ಅಮೆರಿಕದ ಕೋಲ್ಟನು ೧೮೩೬ರಲ್ಲಿ ತನ್ನ ಸುತ್ತುವ ಕೋಠಿಯ ಆಯುಧಕ್ಕೆ ಹಕ್ಕುಪತ್ರ ಪಡೆದನು. ಹಿಂದುಸ್ಥಾನದಲ್ಲಿ ೧೮೫೭-೫೮ರ ಸಂಗ್ರಾಮದ ವೇಳೆಗೆ ಆಂಗ್ಲ ಅಧಿಕಾರಿಗಳಲ್ಲಿ ಇದರ ಬಳಕೆಯು ಹರಡಿತ್ತು. ೧೮೫೮ರ ಆಗಸ್ಟಿನಲ್ಲಿ ಪೀಲಿಭೀತಿನ ಬಳಿಯ ಕದನವೊಂದರಲ್ಲಿ ಎಡಗೈಯನ್ನು ಕಳೆದುಕೊಂಡ ಸ್ಯಾಮ್ ಬ್ರೌನ್ ಎಂಬ ಅಧಿಕಾರಿಯು, ಒಂದೇ ಕೈಯಿಂದ ಕತ್ತಿ ಹಿರಿಯಲು ಅನುಕೂಲವಾಗುವಂತೆ ಭುಜದ ಮೇಲಿಂದ ಹಾಯುವ ಪಟ್ಟಿಯುಳ್ಳ ನಡುಕಟ್ಟನ್ನು ಕಲ್ಪಿಸಿಕೊಂಡನು. ಕತ್ತಿ ಒಂದು ಪಕ್ಕಕ್ಕೆ, ರಿವಾಲ್ವರು ಮತ್ತೊಂದು ಪಕ್ಕಕ್ಕೆ. ಒಬ್ಬನ ಅಂಗವೈಕಲ್ಯಕ್ಕೆಂದು ಹುಟ್ಟಿದ ಈ ಪಟ್ಟಿಯು ಮುಂದೆ ಎರಡು ಕೈಗಳಿದ್ದ ಸಮಸ್ತ ಅಧಿಕಾರಿವರ್ಗದ ಲಾಂಛನವಾಯಿತು. ನಮ್ಮ ಪೊಲೀಸು ಅಧಿಕಾರಿಗಳ ಸಮವಸ್ತ್ರದಲ್ಲಿಯೂ ಬಂದು ಸೇರಿತು.

ಬೆಂಗಳೂರಿನಲ್ಲಿ ಇದಕ್ಕೆ ದೊಡ್ಡ ಗಿರಾಕಿಯೆಂದರೆ ದಂಡುಪ್ರದೇಶ. ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ೧೮೦೯ರಲ್ಲಿ ಕಂಪೆನಿಯ ಸೈನ್ಯವು ಇಲ್ಲಿಗೆ ಬಂದು ಬೀಡುಬಿಟ್ಟ ಮೇಲೆ, ಹಲಸೂರಿನ ಸುತ್ತ ಬೆಳೆದ ಆ ಊರಿನಲ್ಲಿ ಇನ್‌ಫೆಂಟ್ರಿ ರಸ್ತೆ, ಕ್ಯಾವಲ್ರಿ ರಸ್ತೆ, ಆರ್ಟಿಲರಿ ರಸ್ತೆಗಳು ಹುಟ್ಟಿದುವು. ದಂಡಿನ ಉತ್ತರದಂಚಿನಲ್ಲಿ ಟ್ಯಾನರಿ ರಸ್ತೆಯೂ ಹುಟ್ಟಿತು. ಪೇಟೆಯು ಚರ್ಮದ ಕೆಲಸಕ್ಕೆ ಕೊಡದ ಬೀದಿಯ ಹೆಸರನ್ನು ದಂಡು ಕೊಟ್ಟಿತೆಂಬುದು ಗಮನಾರ್ಹ. ೧೮೯೬ರಲ್ಲಿ ಇಲ್ಲಿಗೆ ಬಂದ ಹುಸಾರ್ ದಳದ ತರುಣ ಅಧಿಕಾರಿ ಚರ್ಚಿಲ್ಲನು, ಮುಂಬಯಿಯಲ್ಲಿ ದೋಣಿಯಿಂದ ಇಳಿಯುವಾಗ ಭುಜದ ಕೀಲು ತಪ್ಪಿದವನಾಗಿ, ೧೮೯೮ರ ಒಮ್‌ಡರ್ಮನ್ ಯುದ್ಧದಲ್ಲಿ ಕತ್ತಿಯನ್ನು ಒರೆಗೆ ಸೇರಿಸಿ ಪಿಸ್ತೂಲನ್ನು ಹಿಡಿದ ಪ್ರಸಂಗವು ಪ್ರಸಿದ್ಧವಾಗಿದೆ. ಕತ್ತಿಯ ಯುಗವು ಪಿಸ್ತೂಲಿಗೆ ದಾರಿ ಬಿಟ್ಟುದಕ್ಕೆ ಇದಕ್ಕಿಂತ ಅಡಕವಾದ ದೃಷ್ಟಾಂತ ದೊರೆಯುವುದು ಕಷ್ಟ.

ಅದೇ ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ೧೮೯೨ರಲ್ಲಿಯೇ ಚಾಮರಾಜಪೇಟೆಯು ರೂಪುಗೊಂಡಿತ್ತು. ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ಸರ್ಕಾರಿ ನೌಕರರೂ ಪಿಂಚಣಿದಾರರೂ ಈ ಬಡಾವಣೆಗಳ ಮುಖ್ಯ ನಿವಾಸಿಗಳಾದರು. ಸಮವಸ್ತ್ರವೂ ಪಟ್ಟಿಯೂ ಒರೆಯೂ ಈ ಮನೆಗಳ ಗೂಟಗಳಲ್ಲಿ ತೂಗತೊಡಗಿದುವು. ಆದರೆ ಅವನ್ನು ಹೊಲಿದುಕೊಟ್ಟವನಿಗೆ ಅಗಲವಾದ ಈ ಹೊಸ ಬೀದಿಗಳಲ್ಲಿ ಅಂಗಡಿ ಇರಲಿಲ್ಲ. ಅವನು ಪೇಟೆಯ ಅಂಚಿನಲ್ಲಿ, ಮಾರುಕಟ್ಟೆಯ ಬದಿಯಲ್ಲಿ, ಗೋಣಿಯ ಮೇಲೆ ಕುಳಿತೇ ಕೆಲಸ ಮಾಡಿದನು.

ಈಗ ಕೆಲಸದ ಕ್ರಮವನ್ನು ನೋಡಬಹುದು. ಒರೆಗೆ ಬೇಕಾದುದು ಮೂರು ನಾಲ್ಕು ಮಿಲಿಮೀಟರು ದಪ್ಪದ, ತೊಗಟೆಯಿಂದ ಹದಗೊಂಡ ಹಸು ಅಥವಾ ಎಮ್ಮೆಯ ಚರ್ಮ. ಬೆನ್ನಿನ ಭಾಗದ್ದಾದರೆ ಉತ್ತಮ, ಹೊಟ್ಟೆಯ ಭಾಗವು ಹಿಗ್ಗುತ್ತದೆ. ರಟ್ಟಿನ ಅಚ್ಚನ್ನಿಟ್ಟು ರಂಪಿಗೆಯಿಂದ ಕೊಯ್ದು, ಮಡಚುವ ಕಡೆ ಒಳಮೈಯನ್ನು ಹೆರೆದು ತೆಳುಮಾಡುತ್ತಾರೆ. ಹೊಲಿಯುವ ಎರಡು ಅಂಚುಗಳ ನಡುವೆ ಚರ್ಮದ ಒಂದು ಸಣ್ಣ ಪಟ್ಟಿಯನ್ನು ಸೇರಿಸುವುದುಂಟು. ಇದಿಲ್ಲದಿದ್ದರೆ ಆಯುಧದ ಕೋಠಿಯು ಒಳಗಿನಿಂದ ನೂಲನ್ನು ಉಜ್ಜಿ ಕಡಿಯುತ್ತದೆ. ಹೊಲಿದ ಮೇಲೆ ಒರೆಯನ್ನು ನೀರಿನಲ್ಲಿ ನೆನೆಸಿ, ಒಳಗೆ ಆಯುಧವನ್ನೋ ಅದರ ಮರದ ಪ್ರತಿಯನ್ನೋ ಇಟ್ಟು, ಕೊಂಬಿನ ಅಥವಾ ಗಟ್ಟಿಮರದ ತುಂಡಿನಿಂದ ಹೊರಗಿನಿಂದ ಒತ್ತಿ ಒತ್ತಿ ಆಕಾರ ಬರಿಸುತ್ತಾರೆ. ನೆರಳಿನಲ್ಲಿ ಒಣಗಿದಾಗ ಚರ್ಮವು ಆ ಆಕಾರವನ್ನು ಮರೆಯದೆ ಹಿಡಿದುಕೊಳ್ಳುತ್ತದೆ. ತುದಿಯಲ್ಲಿ ನೀರು, ಧೂಳು ಇಳಿದುಹೋಗಲು ಒಂದು ಸಣ್ಣ ಕಿಂಡಿ. ಮುಚ್ಚಳಕ್ಕೆ ಹಿತ್ತಾಳೆಯ ಗುಬುಟು. ಕೊನೆಯಲ್ಲಿ ಎಣ್ಣೆ, ಮೇಣಗಳ ತಿಕ್ಕಾಟ. ಬಲ್ಲ ಯಜಮಾನನು ಆಯುಧವನ್ನು ಒರೆಯಲ್ಲಿಯೇ ವರ್ಷಗಟ್ಟಲೆ ಇಡುವುದಿಲ್ಲ. ತೊಗಟೆಯ ಒಗರು ತೇವದೊಡನೆ ಸೇರಿ ಉಕ್ಕನ್ನು ತಿನ್ನುತ್ತದೆ, ತೋಟಾಗಳ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತದೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಂದ ಕ್ರೋಮ್ ಹದವು ಈ ಕೆಲಸವನ್ನು ಏಕೆ ಆಕ್ರಮಿಸಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಮದರಾಸಿನಲ್ಲಿ ಕ್ರೋಮ್ ಹದದ ಪ್ರಯೋಗಗಳನ್ನು ನಡೆಸಿದ ಆಲ್ಫ್ರೆಡ್ ಚ್ಯಾಟರ್ಟನ್ನರು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ೧೯೧೨-೧೮ರ ಅವಧಿಯಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿದ್ದರು. ನೀರಿಗೆ ಕೊಳೆಯದ ಕ್ರೋಮ್ ಚರ್ಮವು ಕಪಿಲೆಯ ಬಾನಿಗೂ ಮೆಟ್ಟುಗಳಿಗೂ ಯೋಗ್ಯವೆಂದು ಅವರು ಪ್ರಚಾರ ಮಾಡಿದರು. ಆದರೆ ಅದು ಮೆತುವು. ಒತ್ತಿದರೆ ಒತ್ತಿದಂತೆ ನಿಲ್ಲದೆ ಮತ್ತೆ ಹಿಂದಿನಂತಾಗುತ್ತದೆ. ಆದ್ದರಿಂದ ಒರೆಯ ಮಟ್ಟಿಗೆ ಹಳೆಯ ತೊಗಟೆಯೇ ಗೆದ್ದಿತು. ಈ ಕೈಹೊಲಿಗೆಯ ಒರೆಯನ್ನು ಹಿಂದೆ ತಳ್ಳಿದ್ದು ಹೊಸ ಚರ್ಮವಲ್ಲ, ಬಟ್ಟೆ. ಬ್ರಿಟಿಷ್ ಸೈನ್ಯವು ೧೯೩೭ರ ಮಾದರಿಯ ನೇಯ್ದ ಹತ್ತಿಪಟ್ಟಿಯ ಸರಂಜಾಮನ್ನು ತಂದಾಗ ಪಿಸ್ತೂಲಿನ ಕವಚವೂ ಹತ್ತಿಯದಾಯಿತು. ಎರಡನೆಯ ಮಹಾಯುದ್ಧದಲ್ಲಿ ಅದೇ ಎಲ್ಲೆಡೆ ಹರಡಿತು. ತೀರ ಈಚೆಗೆ ನೈಲಾನು, ಅಚ್ಚಿಗೆ ಹಾಕಿದ ಪ್ಲಾಸ್ಟಿಕ್ಕುಗಳು ಬಂದು ಉಳಿದುದನ್ನು ಮುಗಿಸುತ್ತಿವೆ.

ಇನ್ನು ಕಾನೂನಿನ ಮಾತು. ಬ್ರಿಟಿಷ್ ಇಂಡಿಯಾದಲ್ಲಿ ೧೮೭೮ರ ಆಯುಧ ಶಾಸನವು ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ, ಯುರೋಪಿಯನ್ನರಿಗೆ ಬಹುಕಾಲ ವಿನಾಯಿತಿ ನೀಡಿತ್ತು. ಸ್ವಾತಂತ್ರ್ಯಾನಂತರದ ೧೯೫೯ರ ಶಾಸನವು ಜನಾಂಗಭೇದವನ್ನು ತೆಗೆದು ಎಲ್ಲರಿಗೂ ಪರವಾನಗಿಯನ್ನು ವಿಧಿಸಿತು. ದುರಸ್ತಿಗಾಗಿ ಒಯ್ಯುವವನು ಪರವಾನಗಿದಾರನ ಸಮ್ಮುಖದಲ್ಲಿ ಅಥವಾ ಅವನ ಲಿಖಿತ ಅಧಿಕಾರದ ಮೇರೆಗೆ ಒಯ್ಯಬಹುದೆಂಬ ರಿಯಾಯಿತಿಯೂ ಅದರಲ್ಲಿದೆ. ಒರೆ ಹೊಲಿಯುವವನ ಸ್ಥಿತಿಯನ್ನು ಇದರ ಬೆಳಕಿನಲ್ಲಿ ನೋಡಬೇಕು. ಅವನು ಆಯುಧದ ಒಂದೊಂದು ಉಬ್ಬುತಗ್ಗನ್ನೂ ಬೆರಳಿನಿಂದ ಬಲ್ಲನು. ಆದರೆ ಅದನ್ನು ಒಂದು ರಾತ್ರಿ ತನ್ನ ಗುಡಿಸಿಲಿನಲ್ಲಿ ಇಟ್ಟುಕೊಂಡರೆ ಅಪರಾಧಿಯಾಗುತ್ತಿದ್ದನು. ನಾವು ಕಂಡ ವೃದ್ಧರು ಈ ಮಾತನ್ನು ನಗುತ್ತಲೇ ಹೇಳಿದರು: ಸಾಹೇಬರು ಎದುರಿಗೆ ಕುರ್ಚಿಯಲ್ಲಿ ಕುಳಿತಿರುವಾಗ ತಮ್ಮ ತಂದೆಯವರು ಅಳತೆ ತೆಗೆದು, ಮನೆಗೆ ಬಂದು ಮರದಲ್ಲಿ ಆಯುಧವನ್ನು ಕೆತ್ತಿಕೊಳ್ಳುತ್ತಿದ್ದರಂತೆ. ಅಂಥ ಮರದ ರಿವಾಲ್ವರುಗಳೊಡನೆ ತಾವು ಚಿಕ್ಕಂದಿನಲ್ಲಿ ಆಡಿದ್ದುದು ಅವರಿಗೆ ಚೆನ್ನಾಗಿ ನೆನಪಿದೆ. ಈ ಮೌಖಿಕ ಸಾಕ್ಷ್ಯವನ್ನು ನಾವು ಒಂದು ಕುಟುಂಬದ ನೆನಪೆಂದು ಮಾತ್ರ ಸ್ವೀಕರಿಸುತ್ತೇವೆ; ಆದರೆ ಒರೆಯ ಒಳಮೈಯಲ್ಲಿರುವ ಅಚ್ಚಿನ ಗುರುತು ಅದನ್ನು ಸಮರ್ಥಿಸುವಂತಿದೆ. ಕೋಠಿಯ ಭಾಗದಲ್ಲಿ ಉಕ್ಕಿನ ಹರಿತವಾದ ಅಂಚುಗಳು ಮೂಡಿಲ್ಲ, ಮರದ ದುಂಡನೆಯ ಮೆದುತನವೇ ಮೂಡಿದೆ.

ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂಬ ಹೆಸರುಗಳು ಕಸುಬಿನ ಹೆಸರಿನೊಡನೆಯೇ ನಮಗೆ ಉಳಿದು ಬಂದಿವೆ. ಮುದ್ರಣ, ಜನಗಣತಿ, ಗೆಜೆಟಿಯರುಗಳು ಬಂದ ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳಲ್ಲಿ ಹೆಸರುಗಳು ಹೆಚ್ಚಬೇಕಾಗಿತ್ತು, ಆದುದು ವಿಪರೀತ. ಗೆಜೆಟಿಯರಿನಲ್ಲಿ ಜಾತಿಯ ಹೆಸರಿದೆ, ಸರಕಿನ ಹೆಸರಿದೆ, ಮಾಡಿದವನ ಹೆಸರಿಲ್ಲ. ಈಚೆಗೆ ೨೦೧೯ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ, ಮಹಾರಾಷ್ಟ್ರದ ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದುವು. ಅಥಣಿಯ ಕುಶಲಿಗಳಿಗೆ ಇದರಿಂದ ಸಮೂಹವಾಗಿಯಾದರೂ ಒಂದು ಗುರುತು ಬಂದಿತು. ಬೆಂಗಳೂರಿನ ಒರೆ, ಪಟ್ಟಿ, ಚೀಲಗಳನ್ನು ಹೊಲಿದವರಿಗೆ ಅಷ್ಟೂ ಇಲ್ಲ. ಅವರ ಬರಹವೆಂದರೆ ಅವರ ಹೊಲಿಗೆ. ಅದನ್ನು ಓದಲು ನಮ್ಮ ವಿದ್ಯಾರ್ಥಿಗಳಿಗೆ ಶಾಸನದ ಲಿಪಿಯನ್ನು ಕಲಿಸುವಂತೆಯೇ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿರುವ ಈ ಕಾಲದಲ್ಲಿ ಅಲ್ಲಿನ ಪೆಟ್ಟಿಗೆಗಳು ಗುಜರಿಗೆ ಹೋಗುತ್ತಿವೆ. ಕಾಗದಪತ್ರಗಳನ್ನಾದರೆ ಯಾರಾದರೂ ಒಮ್ಮೆ ತಿರುವಿ ನೋಡುತ್ತಾರೆ. ಹಳೆಯ ಚರ್ಮವನ್ನು ಯಾರೂ ಮುಟ್ಟುವುದಿಲ್ಲ.

ಒರೆಯನ್ನು ಮನೆಯವರಿಗೆ ಹಿಂದಿರುಗಿಸುವ ಮೊದಲು ಆ ವೃದ್ಧರೇ ಅದಕ್ಕೆ ಎಣ್ಣೆ ಹಚ್ಚಿಕೊಟ್ಟರು, ಹಣವನ್ನು ತೆಗೆದುಕೊಳ್ಳಲಿಲ್ಲ. ಹೊಲಿಗೆಯ ಕೊನೆಯಲ್ಲಿ, ನೂಲಿನ ಗಂಟನ್ನು ಮರೆಮಾಡಿರುವ ಕಡೆ, ಆರೆಯಿಂದ ಚುಚ್ಚಿದ ಮೂರು ಚುಕ್ಕೆಗಳಿದ್ದುವು. ಅವು ಹೊಲಿಗೆಗೆ ಬೇಕಾದುವಲ್ಲ. ಇದೇನೆಂದು ಕೇಳಿದೆವು. ಅವರು ತಮ್ಮ ಕನ್ನಡಕವನ್ನು ಒರಸಿಕೊಂಡು ಬಹಳ ಹೊತ್ತು ನೋ‌ಡಿ, “ಯಾರೋ ಗುರುತು ಇಟ್ಟಿದ್ದಾರೆ, ಸ್ವಾಮಿ. ನಮ್ಮ ತಂದೆಯದು ಎರಡು ಚುಕ್ಕೆ” ಎಂದರು.